ಮಡಿಲು ಕೊಡವುವ ಬಾಗಿಲು

ಶ್ವೇತಾಳ ಮೆಸೇಜನ್ನು ತಿಮ್ಮರಾಯಪ್ಪ ಬಸ್ಸಿನಲ್ಲಿ ಕೂತು ನಾಲ್ಕನೆಯ ಸಲ ಓದಿದ. ಮೊದಲ ಮೂರು ಸಲ ಇದ್ದದ್ದೇ ಈಗಲೂ ಇತ್ತು. ‘ಮಾವ, ಇವತ್ತು ನಿಮ್ಮ ವಾಕ್‌ಗೆ ನಾನೂ ಬರ್ತಿದೀನಿ, ಅಜ್ಜೀನೂ ಕರ್ಕೊಂಡು. ಪೇಷ್ಕಾರ್ ತೋಟ ಒಂದ್ಸಲ ನೋಡ್ಬೇಕಂತೆ. ನಿಮಗೆ ಹೇಳ್ಬೇಡ ಅಂದ್ರು, ನಾನು ಹೇಳ್ಬಿಟ್ಟೆ.’ ಕೊನೆಗೊಂದು ನಗುವ ಹಳದಿ ಮುಖ. ಅಜ್ಜಿ ಎಂದರೆ ನಾಗಲಕ್ಷ್ಮಮ್ಮ, ತಿಮ್ಮರಾಯಪ್ಪನ ತಂದೆಯ ಒಬ್ಬಳೇ ತಂಗಿ. ಕಗ್ಗಲೀಪುರದ ಕಡೆಗೆ ಕೊಟ್ಟಿದ್ದವಳು, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ಒಂದು ತಿಂಗಳಿಂದ ಜೆ.ಪಿ. ನಗರದಲ್ಲಿ ಮೊಮ್ಮಗಳ ಮನೆಯಲ್ಲಿದ್ದಳು. ಅವನು ಒಂದು ಸಲವೂ ನೋಡಲು ಹೋಗಿರಲಿಲ್ಲ. ಪುರುಸೊತ್ತಿಲ್ಲ ಎನ್ನಬಹುದಿತ್ತು. ಆದರೆ ಉತ್ತರಹಳ್ಳಿಯಲ್ಲಿ ಹತ್ತು ಮನೆಗಳ ಬಾಡಿಗೆಯ ಮೇಲೆ ಬದುಕುತ್ತ, ಬೆಳಗಾದರೆ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು, ಯಾರು ಯಾವ ಗಾಡಿಯನ್ನು ಎಲ್ಲಿ ನಿಲ್ಲಿಸಿದರು ಎಂದು ನೋಡುವುದನ್ನೇ ಉದ್ಯೋಗ ಮಾಡಿಕೊಂಡವನು ಹಾಗೆಂದರೆ ಹೆಂಡತಿ ನಾರಾಯಣಮ್ಮನೇ ನಂಬುತ್ತಿರಲಿಲ್ಲ. ಕಾರಣ ಬೇರೆ ಇತ್ತು. ತಿಂಗಳಿಗೆ ಎರಡು ಭಾನುವಾರ ಅವನು ಪೇಷ್ಕಾರ್ ತೋಟದಲ್ಲಿ ಮೂವತ್ತು ನಲವತ್ತು ಜನರ ಮುಂದೆ ನಿಂತು ಹೇಳುವ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಒಬ್ಬ ಕಳ್ಳಿಯ ಕಥೆಗೆ. ಆ ಕಳ್ಳಿ ನಾಗಲಕ್ಷ್ಮಮ್ಮ. ಹೆಸರು ಮಾತ್ರ ಎಂದೂ ಹೇಳಿರಲಿಲ್ಲ. ಅಷ್ಟು ಮಾನ ತನ್ನಲ್ಲಿ ಉಳಿದಿದೆ ಎಂದು ಎರಡು ವರ್ಷದಿಂದ ಒಳಗೊಳಗೇ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಬೆಳಗ್ಗೆ ಹೊಟ್ಟೆನೋವು ಎಂದು ಹೇಳಿ ನೋಡಿದ್ದ. ಹಾಸಿಗೆಯಲ್ಲೇ ಮಗ್ಗುಲಾಗಿ, ಮೊಣಕಾಲು ಎದೆಗೆ ಎಳೆದುಕೊಂಡು, ಮುಖವನ್ನು ಎಷ್ಟು ಕಿವುಚಬೇಕೋ ಅಷ್ಟು ಕಿವುಚಿ. ನಾರಾಯಣಮ್ಮ ಕಾಫಿ ಲೋಟ ಕಿಟಕಿಯ ಮೇಲಿಟ್ಟು, “ಭಾನುವಾರ ಬಂದ್ರೆ ಮದುವೆ ಗಂಡಿನ ಥರ ಪಂಚೆ ಉಟ್ಕೊಂಡು ಹೊರಡೋರಿಗೆ ಇವತ್ತೇನು ಬಂತು? ನಾಟಕ ಎಲ್ಲ ತೋಟದಲ್ಲಿ ಮಾಡಿ, ಅಲ್ಲಾದ್ರೆ ನೋಡೋರಿದಾರೆ” ಎಂದು ಹೋಗಿದ್ದಳು. ಪಂಚೆಯ ಮಾತು ಚುಚ್ಚಿತು. ವಾರದ ಆರು ದಿನ ಅವನು ಮಗ ಬಿಟ್ಟುಹೋದ ನೀಲಿ ಟ್ರ್ಯಾಕ್ ಪ್ಯಾಂಟಿನಲ್ಲೇ ಇರುತ್ತಿದ್ದ. ಕೆಂಪು ಅಂಚಿನ ಪಂಚೆ, ಬಿಳಿ ಜುಬ್ಬ, ಹೆಗಲ ಮೇಲೊಂದು ಶಲ್ಯ, ಇವೆಲ್ಲ ರವಿಕಿರಣ್ ಹೇಳಿಕೊಟ್ಟ ವೇಷ. ರವಿಕಿರಣ್ ಎಂದರೆ ಈ ವಾಕ್ ನಡೆಸುವ ಜಯನಗರದ ಹುಡುಗ, ಹಳೇ ಬಂಗಲೆ, ಹಳೇ ತೋಟ ಎಂದರೆ ಪ್ರಾಣ ಬಿಡುತ್ತಾನೆ. “ಸರ್, ಆಥೆಂಟಿಕ್ ಆಗಿರ್ಬೇಕು” ಎಂದಿದ್ದ. ಆಥೆಂಟಿಕ್ ಆಗಲು ತಿಮ್ಮರಾಯಪ್ಪ ಬನಶಂಕರಿಯಲ್ಲಿ ಹೊಸ ಪಂಚೆ ಕೊಂಡಿದ್ದ. ಅವನ ಅಪ್ಪ ಆ ತೋಟದಲ್ಲಿ ಇದ್ದಷ್ಟು ಕಾಲವೂ ಮೊಣಕಾಲಿನವರೆಗಿನ ಖಾಕಿ ಚಡ್ಡಿ ಹಾಕುತ್ತಿದ್ದ.

ಅಪ್ಪ ಅಲ್ಲಿ ಮೇಸ್ತ್ರಿ. ಕಳೆ ಕೀಳುವ ಹೆಂಗಸರ ಮೇಲಿನ ಮೇಸ್ತ್ರಿ, ಅಷ್ಟೆ. ಎರಡು ವರ್ಷದ ಹಿಂದೆ ಯಡಿಯೂರಿನ ಟೀ ಅಂಗಡಿಯಲ್ಲಿ ರವಿಕಿರಣ್ ಪೇಷ್ಕಾರ್ ತೋಟದ ಬಗ್ಗೆ ಯಾರನ್ನೋ ವಿಚಾರಿಸುತ್ತಿದ್ದಾಗ ತಿಮ್ಮರಾಯಪ್ಪ ಪಕ್ಕದ ಬೆಂಚಿನಿಂದ ಬಾಯಿ ಹಾಕಿ, “ನಮ್ಮ ತಂದೆಯವರು ಅಲ್ಲಿ ಸೂಪರ್‌ವೈಸರ್ ಆಗಿದ್ರು” ಎಂದುಬಿಟ್ಟಿದ್ದ. ಆ ಪದ ಎಲ್ಲಿಂದ ಬಂತೋ. ಬಾಯಿಂದ ಹೊರಟಾಗ ಅದಕ್ಕೆ ಬೂಟೂ ಟೋಪಿಯೂ ಇದ್ದ ಹಾಗಿತ್ತು. ಅಲ್ಲಿಂದ ಮುಂದಕ್ಕೆ ಅವನಿಗೆ ಇಬ್ಬರು ಅಪ್ಪಂದಿರಾದರು. ಒಬ್ಬ ತೋಟದ ಒಡೆಯರಾದ ಪೇಷ್ಕಾರರ ಜೊತೆ ಕೊಳದ ದಂಡೆಯಲ್ಲಿ ಓಡಾಡುತ್ತ ಯಾವ ಮಾವಿಗೆ ಯಾವ ಕಸಿ ಎಂದು ಸಲಹೆ ಕೊಡುತ್ತಿದ್ದ ಸೂಪರ್‌ವೈಸರ್. ಇನ್ನೊಬ್ಬ ಕಳ್ಳಿಯ ಕಥೆಯಲ್ಲಿ ಬರುವ, ಗಿರಿಜಾ ಮೀಸೆಯ, ಕಲ್ಲು ಹೃದಯದ ಮೇಸ್ತ್ರಿ. ಇಬ್ಬರೂ ಒಬ್ಬನೇ ಎಂದು ಕೇಳುವವರಿಗೆ ಗೊತ್ತಾಗುವ ಹಾಗಿರಲಿಲ್ಲ. ಹೇಳುವವನಿಗೂ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಮೇಸ್ತ್ರಿಯ ಮೇಲೆ ಜನ ‘ಛೆ’ ಎಂದಾಗ ತಿಮ್ಮರಾಯಪ್ಪನೂ ಅವರ ಜೊತೆ ಸೇರಿ ತಲೆ ಅಲ್ಲಾಡಿಸುತ್ತಿದ್ದ.

ನಡೆದದ್ದು ಇಷ್ಟು, ಅದೂ ಅವ್ವ ಹೇಳಿ ಕೇಳಿದ್ದು. ತೋಟದ ಹಿಂಗೋಡೆಯಲ್ಲಿ ಆಳುಗಳು ಬಗ್ಗಿ ಹೋಗುವ ಸಣ್ಣದೊಂದು ಬಾಗಿಲಿತ್ತು. ಸಾಯಂಕಾಲ ಕೆಲಸ ಬಿಟ್ಟು ಹೊರಡುವಾಗ ಹೆಂಗಸರು ಸಾಲಾಗಿ ನಿಂತು, ಸೊಂಟದ ಹತ್ತಿರ ಕಟ್ಟಿಕೊಂಡ ಮಡಿಲನ್ನು ಬಿಚ್ಚಿ ಮೇಸ್ತ್ರಿಯ ಮುಂದೆ ಕೊಡವಬೇಕು. ಮಾವಿನಕಾಯಿ, ನಿಂಬೆಹಣ್ಣು, ಹೂವು ಏನಾದರೂ ಇದ್ದರೆ ಬೀಳಲಿ ಎಂದು. ಮಹಡಿಯ ಕಿಟಕಿಯಲ್ಲಿ ಪೇಷ್ಕಾರರ ಹೆಂಡತಿ ಕೂತು ನೋಡುವಳು. ಮುತ್ತೈದೆಯರಿಗೆ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ತುಂಬಿ ಕಳಿಸುವ ಮಡಿಲು. ಅದನ್ನು ದಿನಾ ಬಿಚ್ಚಿ ಖಾಲಿ ಎಂದು ತೋರಿಸಬೇಕು. ಆಗ ನಾಗಲಕ್ಷ್ಮಮ್ಮನಿಗೆ ಹತ್ತೊಂಬತ್ತು, ಮದುವೆ ಗೊತ್ತಾಗಿತ್ತು. ಅಣ್ಣನ ಮುಂದೆಯೇ ಮಡಿಲು ಕೊಡವಿದಳು, ರೋಜಾ ಗಿಡದ ಮೂರು ಕಡ್ಡಿ ಬಿದ್ದವು. ಕೆಲಸ ಹೋಯಿತು. ಆರು ತಿಂಗಳು ಊರಿನವರ ಬಾಯಲ್ಲಿ ಅವಳು ಕಳ್ಳಿಯಾದಳು. ಮೊದಲ ವಾಕ್‌ನಲ್ಲಿ ತಿಮ್ಮರಾಯಪ್ಪ ಇದನ್ನು ಇದ್ದ ಹಾಗೆಯೇ ಹೇಳಿದ್ದ. ಕಡ್ಡಿ ಎಂದ ಕೂಡಲೇ ಜನ ಫೋನು ನೋಡಿಕೊಂಡರು. ಎರಡನೆಯ ಸಲ ಕಡ್ಡಿಯಲ್ಲಿ ಒಂದು ಮೊಗ್ಗು ಬಂತು. ಮೂರನೆಯ ಸಲ ಬೆಳ್ಳಿ ಚಮಚ. ದಸರಾದ ಹೊತ್ತಿಗೆ ಅದು ಕೆಂಪು ಹರಳಿನ ಉಂಗುರವಾಗಿ, ಪೇಷ್ಕಾರರ ಹೆಂಡತಿಯ ತವರಿನದಾಗಿ, ಕಲ್ಲಿನ ಮೇಲೆ ಟಣ್ ಎಂದು ಬಿದ್ದು ಉರುಳಿತು. ಆ ಟಣ್ ಶಬ್ದವನ್ನು ಅವನು ನಾಲಿಗೆಯಿಂದ ಬಹಳ ಚೆನ್ನಾಗಿ ಮಾಡುತ್ತಿದ್ದ. ರವಿಕಿರಣ್ ಪೋಸ್ಟರಿನಲ್ಲಿ ‘ಕದ್ದ ಉಂಗುರದ ತೋಟ’ ಎಂದು ಹಾಕಿಸಿದ. ಜನ ಎರಡು ಪಟ್ಟಾದರು.

ಬಸ್ಸು ಇಳಿದು ನಡೆಯುವಾಗ ಪಂಚೆ ಕಾಲಿಗೆ ತೊಡರಿತು. ಈಗಲೂ ವಾಪಸು ಹೋಗಬಹುದು ಎಂದು ಎರಡು ಕಡೆ ನಿಂತ. ಎರಡು ಕಡೆಯೂ ಬೀದಿಯವರು ‘ಏನಂಕಲ್, ಅಡ್ರೆಸ್ ಬೇಕಾ?’ ಎಂದು ಕೇಳಿದ್ದರಿಂದ ಮುಂದೆ ಹೋಗಬೇಕಾಯಿತು. ನಲವತ್ತು ಎಕರೆಯಲ್ಲಿ ಉಳಿದ ನಾಲ್ಕು ಎಕರೆಯ ತೋಟ, ಸುತ್ತಲಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಿಂದ ಒಣಗಿದ ಬಟ್ಟೆಗಳು ಅದನ್ನು ಇಣುಕಿ ನೋಡುತ್ತಿದ್ದವು. ಕಿಟಕಿಗಳಿಗೆ ಕೂಸಿನ ತಲೆಗೆ ಕಟ್ಟುವಂಥ ಮರದ ಕುಂಚಿಗೆ ಹಾಕಿದ ಹಾಗೆ ಕಾಣುವ ಬಂಗಲೆ, ಎರಡು ಸಾಲು ಸಂಪಿಗೆ, ದೊಡ್ಡ ಮಾವು, ಕೊನೆಯಲ್ಲಿ ಕೊಳ. ದೊಡ್ಡ ಗೇಟಿನ ಒಳಗೆ ಮೂವತ್ತು ಜನ ಸೇರಿದ್ದರು. ತೋಟ ನೋಡಲು ಬಂದವರು ಹಾಕುವ ಅಗಲ ಟೋಪಿ, ನೀರಿನ ಬಾಟಲಿ. ಅವರ ನಡುವೆ ಬಿ.ಟಿ.ಎಂ. ಲೇಔಟಿನ ಗುರುಸಿದ್ದ ಕೈ ಎತ್ತಿದ. ಹೋದ ತಿಂಗಳು ಒಬ್ಬನೇ ಬಂದಿದ್ದ ಹಾವೇರಿ ಕಡೆಯ ಹುಡುಗ. ಈಗ ಪಕ್ಕದಲ್ಲಿ ಹೊಸ ಹೆಂಡತಿ. “ನಮ್ ಮನಿಯಾಕಿ ಮಧುಮತಿ ರೀ ಸರ್. ನಿಮ್ ಉಂಗುರದ ಕಥಿ ಹೇಳಿ ಹೇಳಿ ಇಕಿ ತಲಿ ತಿಂದಿದ್ದೆ, ಇವತ್ತ ನಿಮ್ ಬಾಯಿಂದನ ಕೇಳ್ಸೋಣಂತ ಕರ್ಕೊಂಡ್ ಬಂದೇನ್ರಿ.” ಮಧುಮತಿ ಅವನ ಶಲ್ಯವನ್ನು ನೋಡಿದಳು. ಒಗೆದು ಗಂಜಿ ಹಾಕಿದ ಶಲ್ಯ ಕುತ್ತಿಗೆಗೆ ಚುಚ್ಚುತ್ತಿತ್ತು.

ಅತ್ತೆ ಸಂಪಿಗೆಯ ನೆರಳಿನಲ್ಲಿ ನಿಂತಿದ್ದಳು. ಆಪರೇಷನ್ ಆದವರಿಗೆ ಕೊಡುವ ಅಗಲ ಕಪ್ಪು ಕನ್ನಡಕ, ಅದರಲ್ಲಿ ಅವನದೇ ಎರಡು ಸಣ್ಣ ಬಿಳಿ ಆಕಾರಗಳು. ಅದರ ಹಿಂದೆ ಅವಳ ಕಣ್ಣು ಕಾಣದಿದ್ದುದು ಅವನಿಗೆ ಬಹಳ ತೊಂದರೆಯಾಯಿತು. ಮನುಷ್ಯರ ಕಣ್ಣು ನೋಡಿಕೊಂಡು ಮಾತು ಬದಲಿಸುವುದು ಅವನ ಕಸುಬಾಗಿತ್ತಲ್ಲ.

“ಏನ್ಲಾ ತಿಮ್ಮ, ಪಟೇಲನ ಹಂಗೆ ಬಂದಿದ್ದೀಯ” ಎಂದಳು.

“ಹುಷಾರಾಗಿದ್ದೀರಾ ಅತ್ತೆ? ಬರ್ಬೇಕು ಅಂತಾನೆ ಇದ್ದೆ, ಪುರುಸೊತ್ತೇ...”

“ಅದೆಲ್ಲ ಇರ್ಲಿ ಬಿಡು. ನಾನು ನಿನಗೆ ಏನಾಗ್ಬೇಕು ಅಂತ ಅವರಿಗೆ ಹೇಳಕ್ಕೋಗ್ಬೇಡ. ಜನದ ಜೊತೆ ಜನವಾಗಿ ನೋಡ್ಕಂಡು ಹೋಯ್ತೀನಿ. ಇವಳಿಗೂ ಹೇಳಿವ್ನಿ.”

ಶ್ವೇತಾ ಪಕ್ಕದಲ್ಲಿ ನಕ್ಕಳು. “ಅಜ್ಜಿಗೆ ಇನ್‌ಕಾಗ್ನಿಟೋ ಮೋಡ್ ಬೇಕಂತೆ ಮಾವ.” ಅಜ್ಜಿ ಇಲ್ಲಿ ಚಿಕ್ಕವಯಸ್ಸಿನಲ್ಲಿ ಕೂಲಿ ಮಾಡಿದ್ದಳು ಎಂಬುದಷ್ಟೇ ಆ ಹುಡುಗಿಗೆ ಗೊತ್ತಿದ್ದ ಹಾಗೆ ಕಾಣಿಸಿತು. ತಿಮ್ಮರಾಯಪ್ಪನ ಎದೆಯಿಂದ ಒಂದು ಭಾರ ಇಳಿಯಿತು. ಇಳಿದ ಕೂಡಲೇ, ಅತ್ತೆಯನ್ನು ಅತ್ತೆ ಎನ್ನಬೇಕಾಗಿಲ್ಲ ಎಂದು ಹಗುರಾಗುವ ಇಂಥ ಮನುಷ್ಯ ತಾನು ಎಂದು ಇನ್ನೊಂದು ಭಾರ ಕೂತಿತು. ಆದರೆ ಮೊದಲಿನದಕ್ಕಿಂತ ಇದು ಸಣ್ಣದು, ಹೊತ್ತುಕೊಂಡು ನಡೆಯಬಹುದಾಗಿತ್ತು.

ಅವನು ಯೋಜನೆ ಹಾಕಿದ. ಹಿಂಬಾಗಿಲ ಕಡೆಗೆ ಹೋಗುವುದೇ ಬೇಡ. ಬಂಗಲೆಯ ಮುಂದೆ ಹತ್ತು ನಿಮಿಷದ ಮಾತನ್ನು ಅರ್ಧ ಗಂಟೆ ಎಳೆದ. ಮಾವಿನ ಮರದ ಕೆಳಗೆ ಕಸಿ ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಸಗಣಿ ಯಾಕೆ ಮೆತ್ತಬೇಕು, ಮಾವಿನ ಮಿಡಿಗೆ ಉಪ್ಪು ಎಷ್ಟು ದಿನ ಎಂದು, ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟ. ಜನ ಕಾಲು ಬದಲಾಯಿಸಿದರು. ಕಪ್ಪು ಕನ್ನಡಕ ಮಾತ್ರ ಅಲುಗಲಿಲ್ಲ. ‘ನಮ್ಮ ತಂದೆಯವರು ಸೂಪರ್‌ವೈಸರ್’ ಎಂಬ ಸಾಲು ಬಾಯಿ ಪಾಠದಂತೆ ಹೊರಗೆ ಬಂದೇಬಿಟ್ಟಿತು. ಬಂದ ಮೇಲೆ ಅವನು ಕೆಮ್ಮಿದ. ಅತ್ತೆ ಕತ್ತು ಸ್ವಲ್ಪ ವಾಲಿಸಿ ಕೇಳಿಸಿಕೊಂಡಳು, ಬೇರೆ ಯಾರದೋ ಅಣ್ಣನ ವಿಷಯ ಕೇಳುವ ಹಾಗೆ. ಕೊಳದ ಕಡೆ ಕೈ ತೋರಿಸಿ, “ಬನ್ನಿ, ಈಗ ತೋಟದ ಅತಿ ಮುಖ್ಯವಾದ ಜಾಗ...” ಎನ್ನುವಷ್ಟರಲ್ಲಿ ಗುರುಸಿದ್ದ ಅಡ್ಡ ಬಂದ.

“ಸರ್, ಆ ಸಣ್ಣ ಬಾಗಲಾ ಬಿಟ್ಟ ಹೊಂಟ್ರಲ್ರಿ?”

“ಅಲ್ಲಿ ಮುಳ್ಳು ಜಾಸ್ತಿ ಬೆಳೆದಿದೆ.”

“ನಿನ್ನೆನೇ ಕ್ಲೀನ್ ಮಾಡ್ಸಿದೀನಿ ಸರ್, ಅದೇ ನಮ್ಮ ಹೈಲೈಟ್ ಅಲ್ವಾ?” ಎಂದ ರವಿಕಿರಣ್, ಬಹಳ ಸಂತೋಷದಿಂದ. ಜನ ಆಗಲೇ ಆ ಕಡೆ ತಿರುಗಿದ್ದರು. ತಿಮ್ಮರಾಯಪ್ಪ ಅವರ ಹಿಂದೆ ಹೋದ. ತಾನು ಕರೆದುಕೊಂಡು ಹೋಗಬೇಕಾದವರ ಹಿಂದೆ ತಾನೇ ಹೋಗುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ಎಲ್ಲರ ಬೆನ್ನುಗಳೂ ಉತ್ಸಾಹದಲ್ಲಿದ್ದವು.

ಬಾಗಿಲು ಇದ್ದ ಹಾಗೆಯೇ ಇತ್ತು. ಮೊಣಕಾಲೆತ್ತರದ ಹೊಸ್ತಿಲು ಕಲ್ಲು, ಎದೆಯೆತ್ತರದ ಕಮಾನು, ಆಚೆ ಈಗ ಯಾರದೋ ಕಾರು ನಿಲ್ಲಿಸುವ ಜಾಗ. ಬೇಗ ಬೇಗ ಮುಗಿಸಬೇಕು, ಕೈ ಆಡಿಸದೆ, ಶಬ್ದ ಮಾಡದೆ ಎಂದುಕೊಂಡು ಶುರು ಮಾಡಿದ. ಆದರೆ ಎರಡು ವರ್ಷ ಪಳಗಿದ ಮೈ ಅವನ ಮಾತು ಕೇಳಲಿಲ್ಲ. ದನಿ ತಾನಾಗಿಯೇ ತಗ್ಗಿತು. ಬೆನ್ನು ತಾನಾಗಿಯೇ ಬಗ್ಗಿತು. ಕೈ ಹೆಗಲಿಗೆ ಹೋಗಿ ಶಲ್ಯ ತೆಗೆಯಿತು, ಅದರ ಎರಡು ತುದಿ ಸೊಂಟಕ್ಕೆ ಹಿಡಿದು ಮಡಿಲು ಮಾಡಿತು. “ಸಾಯಂಕಾಲದ ಹೊತ್ತು. ಸಾಲಾಗಿ ಹೆಂಗಸರು. ಒಬ್ಬೊಬ್ಬರೇ ಬರಬೇಕು. ಮೇಸ್ತ್ರಿ ಇಲ್ಲಿ ನಿಂತಿದ್ದಾನೆ, ಇಷ್ಟು ಮೀಸೆ.” ಯಾರೋ ಛೆ ಎಂದರು. “ಒಬ್ಬಳು ಹುಡುಗಿ. ಮದುವೆ ಗೊತ್ತಾಗಿದೆ. ನಡುಗ್ತಾ ಇದಾಳೆ. ಬಿಚ್ಚು ಮಡಿಲು ಅಂದ ಮೇಸ್ತ್ರಿ.” ಶಲ್ಯ ಬಿಚ್ಚಿ ಕೊಡವಿದ. ನಾಚಿಕೆಯ ಸಂಗತಿ ಏನೆಂದರೆ ಅವನು ಆ ದಿನ ಅದನ್ನು ಎಂದಿಗಿಂತ ಚೆನ್ನಾಗಿ ಮಾಡುತ್ತಿದ್ದ. ಮೂವತ್ತು ಜನ ಉಸಿರು ಹಿಡಿದಿದ್ದರು, ಅದರ ಸುಖ ಬೆನ್ನುಹುರಿಯಲ್ಲಿ ಹರಿಯುತ್ತಿತ್ತು. ‘ಏನು ಬಿತ್ತು?’ ಎಂದು ಕೇಳಿ ನಿಲ್ಲಿಸುವ ಜಾಗ ಬಂತು. ಕೇಳಿದ, ನಿಲ್ಲಿಸಿದ. ಗುರುಸಿದ್ದ ಹೆಂಡತಿಯ ಮೊಣಕೈ ತಿವಿದ. ನಾಲಿಗೆ ಮೇಲಂಗುಳಕ್ಕೆ ಹತ್ತಿ ಟಣ್ ಎನ್ನಲು ಸಿದ್ಧವಾಗಿ ನಿಂತಿತು. ಎಲ್ಲರ ತಲೆಗಳ ಹಿಂದೆ ಕಪ್ಪು ಕನ್ನಡಕ. ಅದರಲ್ಲಿ ಶಲ್ಯ ಹಿಡಿದು ಬಗ್ಗಿದ ಎರಡು ಸಣ್ಣ ಬಿಳಿ ಮನುಷ್ಯರು, ಹೆಂಗಸಿನ ಹಾಗೆ ಸೊಂಟ ತಿರುಗಿಸಿಕೊಂಡು.

“ಕಡ್ಡಿ” ಎಂದ.

“ಏನು?” ಎಂದಳು ಮುಂದೆ ನಿಂತಿದ್ದ ಅಗಲ ಟೋಪಿಯ ಹೆಂಗಸೊಬ್ಬಳು.

“ರೋಜಾ ಕಡ್ಡಿ. ಗಿಡ ಸವರಿದಾಗ ಕತ್ತರಿಸಿ ಗುಡ್ಡೆ ಹಾಕ್ತಾರಲ್ಲ, ಸುಡೋಕೆ, ಅದರಲ್ಲಿ ಮೂರು.”

ಬಾಗಿಲಾಚೆ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದ ಶಬ್ದ ಕೇಳಿಸಿತು. ಗುರುಸಿದ್ದನ ಮುಖ ಸಣ್ಣದಾಯಿತು. ಊಟಕ್ಕೆ ಕರೆದುಕೊಂಡು ಬಂದ ಹೋಟೆಲು ಮುಚ್ಚಿದ್ದನ್ನು ಕಂಡವನ ಹಾಗೆ ಅವನು ಒಮ್ಮೆ ಹೆಂಡತಿಯನ್ನೂ ಒಮ್ಮೆ ತಿಮ್ಮರಾಯಪ್ಪನನ್ನೂ ನೋಡಿದ. “ಹ್ವಾದ ತಿಂಗಳ ಉಂಗುರ ಅಂದಿದ್ರಲ್ರಿ ಸರ್? ಕೆಂಪ ಹರಳಿಂದು?”

“ಅದು... ಅದೊಂದು ವರ್ಷನ್. ಇದೊಂದು ವರ್ಷನ್.”

“ಯಾವುದು ನಿಜ?” ಟೋಪಿಯ ಹೆಂಗಸು ಬಿಡಲಿಲ್ಲ. “ಒಂದು ಕಡ್ಡಿಗೋಸ್ಕರ ಯಾರಾದ್ರೂ ಕೆಲಸದಿಂದ ತೆಗೀತಾರಾ?”

“ಹಳೇ ಕಥೆ ಅಂದ್ರೆ ಹಾಗೇ ಅಲ್ವಾ ಮೇಡಂ” ಎಂದು ರವಿಕಿರಣ್ ಮಧ್ಯೆ ಬಂದ. “ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಅದೇ ಬ್ಯೂಟಿ.” ತಿಮ್ಮರಾಯಪ್ಪನಿಗೆ ಕೃತಜ್ಞತೆ ಉಕ್ಕಿತು. ತಾನು ನಿಜ ಹೇಳಿದೆ, ಅದೂ ಅರ್ಧ, ಅದನ್ನೂ ಯಾರೂ ನಂಬಲಿಲ್ಲ, ಆದ್ದರಿಂದ ಬಚಾವಾದೆ ಎಂದು ಲೆಕ್ಕ ಹಾಕುತ್ತ ಶಲ್ಯವನ್ನು ಮಡಿಸತೊಡಗಿದ. ಆಗ ಹಿಂದಿನಿಂದ, ಪರಿಚಯವಿಲ್ಲದವರನ್ನು ಕೇಳುವ ಮರ್ಯಾದೆಯ ದನಿಯಲ್ಲಿ, ನಾಗಲಕ್ಷ್ಮಮ್ಮ ಕೇಳಿದಳು.

“ಆಮೇಲೆ ಆ ಹುಡುಗಿ ಏನಾದ್ಲು ಸಾರ್?”

ಅವಳು ಅವನನ್ನು ಸಾರ್ ಎಂದಿದ್ದಳು. ಅವನ ಮೂಗು ಒರೆಸಿದವಳು, ಅವನ ಮದುವೆಯಲ್ಲಿ ಅರಿಶಿನ ಹಚ್ಚಿದವಳು. ತಿಮ್ಮರಾಯಪ್ಪನಿಗೆ ಕಥೆಯ ಈ ಭಾಗ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ, ಉಂಗುರ ಬಿದ್ದ ಮೇಲೆ ಹುಡುಗಿಯ ಕಡೆ ಯಾರೂ ನೋಡುತ್ತಿರಲಿಲ್ಲ. ಇವರೇ ಆ ಹುಡುಗಿ, ನಮ್ಮತ್ತೆ ಎನ್ನಲು ಎಷ್ಟು ಹೊತ್ತು ಬೇಕು. ಬಾಯಿ ತೆರೆದ.

“ಮದುವೆ ಆಗಿ... ಚೆನ್ನಾಗಿದ್ರಂತೆ” ಎಂದ.

“ಹೌದಾ. ಒಳ್ಳೇದಾಯ್ತು ಬಿಡಿ.”

ಜನ ಕೊಳದ ಕಡೆ ಹೊರಟರು, ಶ್ವೇತಾಳೂ ಫೋನು ಹಿಡಿದು ಅವರ ಜೊತೆ ಓಡಿದಳು. ಮೊದಲೆಲ್ಲ ಈ ಜಾಗದಿಂದ ಕೊಳದವರೆಗೆ ಜನ ಅವನನ್ನು ಸುತ್ತುವರಿದು ಪ್ರಶ್ನೆ ಕೇಳುತ್ತಿದ್ದರು. ಈ ದಿನ ಅವನ ಪಕ್ಕ ಖಾಲಿ ಇತ್ತು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅತ್ತೆ ಹೊಸ್ತಿಲು ಕಲ್ಲಿನ ಮೇಲೆ ಕೂತಿದ್ದಾಳೆ. ಕಾಲುನೋವಿಗೋ ಏನೋ. ನೋಡದ ಹಾಗೆ ಹೋಗಬಹುದಿತ್ತು. ಹೋಗದಿದ್ದದ್ದಕ್ಕೆ ಧೈರ್ಯ ಕಾರಣವಲ್ಲ. ಬೈಸಿಕೊಂಡರೆ ಒಳ್ಳೆಯದು, ಬೈದವರ ಹತ್ತಿರ ಲೆಕ್ಕ ತೀರುತ್ತದೆ ಎಂಬ ಆಸೆಯಿಂದ ವಾಪಸು ಬಂದು ಮುಂದೆ ನಿಂತ, ಪಂಚೆಯ ತುದಿ ಕೈಯಲ್ಲಿ ಹಿಡಿದು.

“ಅತ್ತೆ, ನಾನು...”

“ಉಂಗುರ ಅಂತೆ” ಎಂದಳು. ಹಲ್ಲಿಲ್ಲದ ಕಡೆಯಿಂದ ನಗು ಸೋರಿತು. “ಕೆಂಪು ಹರಳಿನ ಉಂಗುರ ನನ್ನ ಕೈಗೆ ಸಿಕ್ಕಿದ್ರೆ ಆ ಕಗ್ಗಲೀಪುರದಾಗೆ ನಲವತ್ತು ವರ್ಷ ಎಮ್ಮೆ ಬಾಲ ಹಿಡ್ಕಂಡು ಯಾಕೆ ಇರ್ತಿದ್ದೆ? ಆ ಹಾವೇರಿ ಹುಡುಗನ ಮುಖ ನೋಡಿದ್ಯಾ, ಪಾಪ. ಹೆಂಡ್ತಿ ಮುಂದೆ ಅವನ ಮಾನ ತೆಗ್ದೆ.”

“ತಪ್ಪಾಯ್ತು ಅತ್ತೆ.”

“ಮೀಸೆ ಯಾರಿಗಿತ್ತೋ? ನಿಮ್ಮಪ್ಪ ಯಾವತ್ತು ಮೀಸೆ ಬಿಟ್ಟಿದ್ದ? ನೆಟ್ಟಗೆ ಎರಡು ಕೂದ್ಲು ಬರ್ತಿರ್ಲಿಲ್ಲ ಅವನಿಗೆ.” ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕಣ್ಣು ಕೆಂಪಗಿತ್ತು, ಅದು ಆಪರೇಷನ್ನಿನ ಕೆಂಪು. “ಕಡ್ಡಿ ಮೂರಲ್ಲ ಕಣೋ. ನಾಲ್ಕು.”

“ಅವ್ವ ಮೂರು ಅಂತಿದ್ರು.”

“ಬಿದ್ದದ್ದು ಮೂರು. ಹೊಸ ಮನೆಗೆ ಬರಿಗೈಲಿ ಹೋಗದ್ಯಾಕೆ, ಒಂದು ಗಿಡ ಆದ್ರೂ ನಂದು ಅಂತ ಇರ್ಲಿ ಅಂತ ಎತ್ಕಂಡಿದ್ದೆ. ಮುಳ್ಳು ಮುರಿದಿರ್ಲಿಲ್ಲ. ಒಂದು ಕಡ್ಡಿ ಸೀರೆಗೆ ಕಚ್ಕಂಡು ಒಳಗೇ ನಿಂತ್ಬಿಡ್ತು. ಮೇಲಿಂದ ಆ ಯಮ್ಮ ಇನ್ನೊಂದ್ಸಲ ಕೊಡವ್ಸು ಅಂದ್ಲು. ಕೊಡವಿದೆ. ಬೀಳ್ಲಿಲ್ಲ, ತುದಿ ಹೊರಕ್ಕೆ ಬಂತು. ಇಷ್ಟು.” ಹೆಬ್ಬೆರಳಿನ ಉಗುರು ತೋರಿಸಿದಳು. “ನಿಮ್ಮಪ್ಪ ನೋಡ್ದ. ನನ್ನ ಮುಖ ನೋಡ್ದ, ಕಡ್ಡಿ ನೋಡ್ದ. ಆಮೇಲೆ ಗೋಡೆ ಕಡೆ ತಿರುಗ್ಕಂಡು, ಏನೂ ಇಲ್ಲಮ್ಮಾ, ಆಯ್ತು ಹೋಗು ಅಂತ ಕೂಗ್ದ, ಆ ಯಮ್ಮನಿಗೂ ಕೇಳೋ ಹಂಗೆ. ಸಿಕ್ಕಿದ್ರೆ ಅವನ ಕೆಲ್ಸಾನೂ ಹೋಗೋದು.”

ತಿಮ್ಮರಾಯಪ್ಪ ಗೋಡೆಯನ್ನು ನೋಡಿದ. ಗಾರೆ ಉದುರಿದ, ಇಟ್ಟಿಗೆ ಕಾಣುವ ಗೋಡೆ. ಇದರ ಮುಂದೆ ನಿಂತು ಎಷ್ಟು ಸಲ ಮೀಸೆ ತಿರುವಿದ್ದ.

“ಎಣ್ಣೆ ಡಬ್ಬದಾಗೆ ನೆಟ್ಟು ತಗಂಡು ಹೋದೆ. ಬಾಗಿಲ ಮುಂದೆ ಪೊದೆ ಆಯ್ತು, ನೀನೂ ನೋಡಿದ್ದೀಯ. ನಿಮ್ಮಪ್ಪ ಹಬ್ಬಕ್ಕೆ ಬಂದಾಗೆಲ್ಲ ಅದರ ಪಕ್ಕನೇ ಕೂತು ಕಾಪಿ ಕುಡೀತಿದ್ದ. ಇದು ಎಲ್ಲಿಂದ ತಂದ್ಯವ್ವಾ ಅಂತ ಸಾಯೋವರೆಗೂ ಒಂದು ಮಾತು ಕೇಳ್ಲಿಲ್ಲ.”

ನೋಡಿದ್ದ. ಆರೇಳು ವರ್ಷದವನಿದ್ದಾಗ ಆ ಗಿಡದ ಒಂದು ಹೂ ಕಿತ್ತಿದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ್ದ, ಎಂದೂ ಹೊಡೆಯದ ಅಪ್ಪ. ಹೊಡೆದು, ಆಮೇಲೆ ತಾನೇ ಅಳುವವನ ಹಾಗೆ ಮುಖ ಮಾಡಿಕೊಂಡು ಅಂಗಳಕ್ಕೆ ಹೋಗಿ ನಿಂತಿದ್ದ. ಐವತ್ತೈದು ವರ್ಷ ತಿಮ್ಮರಾಯಪ್ಪ ಅದನ್ನು ಅಪ್ಪನ ದುಡುಕು ಎಂದು ಬರೆದುಕೊಂಡಿದ್ದ. ಈಗ ಕೆನ್ನೆ ಬೆಚ್ಚಗಾಯಿತು. ಅದೇ ಗಳಿಗೆಯಲ್ಲಿ, ಕೆನ್ನೆ ಇನ್ನೂ ಬೆಚ್ಚಗಿರುವಾಗಲೇ, ಅವನ ಒಳಗೆ ಇನ್ನೊಂದು ಕೆಲಸ ಶುರುವಾಗಿತ್ತು. ಮೊದಲು ಮೂರು ಕಡ್ಡಿ ಬೀಳಬೇಕು. ಜನಕ್ಕೆ ನಿರಾಸೆಯಾಗಲಿ. ಆಮೇಲೆ ಇನ್ನೊಂದ್ಸಲ ಕೊಡವು ಎಂಬ ದನಿ ಮೇಲಿನಿಂದ. ಅಲ್ಲಿ ನಿಲ್ಲಿಸಬೇಕು. ಗೋಡೆ ಕಡೆ ತಿರುಗಿ, ಜನಕ್ಕೆ ಬೆನ್ನು ಮಾಡಿ, ‘ಆಯ್ತು ಹೋಗು’ ಎನ್ನಬೇಕು, ಬೆನ್ನು ಮಾತ್ರ ಕಾಣಿಸುವ ಹಾಗೆ. ಉಂಗುರವೆಲ್ಲ ಇದರ ಮುಂದೆ ಏನು. ಟೋಪಿಯ ಹೆಂಗಸು ಅಳುತ್ತಾಳೆ.

“ತುಟಿ ಅಲ್ಲಾಡ್ತಾ ಐತೆ ನೋಡು” ಎಂದಳು ಅತ್ತೆ.

ಅವನು ತುಟಿ ಬಿಗಿದ. ಕಿವಿ ಸುಟ್ಟಿತು. ಹೇಳಬೇಡವೆಂದು ಅವಳು ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ರೋಜಾ ಪಾತಿ ಇದ್ದ ಕಡೆ, ಈಗ ಮದುವೆಯ ರಿಸೆಪ್ಷನ್ನಿಗೆ ಕೊಡುವ ಹುಲ್ಲುಹಾಸಿನ ಕಡೆ ಮುಖ ಮಾಡಿ ಕೂತಳು. ಕೊಳದ ಹತ್ತಿರದಿಂದ ರವಿಕಿರಣ್, “ಸರ್, ಎಲ್ಲರೂ ವೇಯ್ಟಿಂಗ್” ಎಂದು ಕೂಗಿದ.

ದಂಡೆಯಲ್ಲಿ ಜನ ಅರ್ಧ ಚಂದ್ರಾಕಾರವಾಗಿ ನಿಂತಿದ್ದರು. ಗುರುಸಿದ್ದ ಒಳ್ಳೆಯವನು, ಆಗಲೇ ಕ್ಷಮಿಸಿದ್ದ. “ಆ ಅಮ್ಮಾರ ಜೋಡಿ ಭಾಳ ಹೊತ್ತ ಮಾತಾಡಿದ್ರಿ. ಏನ್ ಹೇಳ್ತಿದ್ರ ಅವ್ರು? ಹಳೇ ಕಥಿ ಗೊತ್ತದೇನ್ರಿ ಅವ್ರಿಗೆ?” ಮೂವತ್ತು ಮುಖಗಳು ಅವನ ಕಡೆ ತಿರುಗಿದವು. ಕಥೆ ಬಾಯಿಯ ತುಂಬ ಇತ್ತು, ಬಿಸಿ ಅನ್ನದ ಹಾಗೆ. ಇನ್ನೊಂದು ಗಳಿಗೆ ಇಟ್ಟುಕೊಂಡರೆ ನಾಲಿಗೆ ಸುಡುತ್ತದೆ, ಉಗುಳಿದರೆ ಚಪ್ಪಾಳೆ. ಅವನು ನುಂಗಿದ. ಗಂಟಲಲ್ಲಿ ಅದು ಇಳಿದು ಹೋಗುವುದು ಹೊರಗಿನವರಿಗೂ ಕಾಣಿಸಿರಬೇಕು.

“ಅವರು ನಮ್ಮತ್ತೆ” ಎಂದ. “ನಮ್ಮಪ್ಪನ ತಂಗಿ. ನಮ್ಮಪ್ಪ ಇಲ್ಲಿ ಮೇಸ್ತ್ರಿ ಆಗಿದ್ರು.”

“ಸೂಪರ್‌ವೈಸರ್ ಅಂದಿದ್ರಿ?” ಎಂದಳು ಟೋಪಿಯ ಹೆಂಗಸು.

“ಮೇಸ್ತ್ರಿ. ಆ ಬಾಗಿಲಲ್ಲಿ ನಿಲ್ತಿದ್ರು.”

ಯಾರಿಗೂ ಅದು ವಿಶೇಷ ಎನಿಸಲಿಲ್ಲ. ಒಬ್ಬ ನೀರು ಕುಡಿದ, ಇಬ್ಬರು ಕೊಳದ ಫೋಟೋ ತೆಗೆದರು. ಮಧುಮತಿ ಮಾತ್ರ ಒಂದು ಕ್ಷಣ ಲೆಕ್ಕ ಹಾಕುವವಳ ಹಾಗೆ ನಿಂತು, ಸಣ್ಣ ಬಾಗಿಲಿನ ಕಡೆ, ಕಲ್ಲಿನ ಮೇಲೆ ಕೂತ ಮುದುಕಿಯ ಕಡೆ ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವಳಿಗೆ ತಿಳಿಯಿತು ಎಂದು ಅವನಿಗೆ ತಿಳಿಯಿತು. ಅವಳು ಗಂಡನಿಗೆ ಏನೂ ಹೇಳದೆ, ಚೀಲದಿಂದ ನೀರಿನ ಬಾಟಲಿ ತೆಗೆದುಕೊಂಡು ಅತ್ತೆ ಕೂತ ಕಡೆಗೆ ಹೊರಟಳು.

“ಕೊಳ ಎಷ್ಟು ಆಳ ಅಂಕಲ್?” ಎಂದು ಯಾರೋ ಕೇಳಿದರು.

ಪ್ರತಿ ಸಲ ಮೂವತ್ತಾರು ಅಡಿ ಎನ್ನುತ್ತಿದ್ದ, ಅದರೊಳಗೆ ಮುಳುಗಿದ ಒಂದು ಪಲ್ಲಕ್ಕಿಯನ್ನೂ ಸೇರಿಸುತ್ತಿದ್ದ. “ಗೊತ್ತಿಲ್ಲ” ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಎಲ್ಲರೂ ನಕ್ಕು, ಪಲ್ಲಕ್ಕಿಗಾಗಿ ಕಾದು ನಿಂತರು.